ಪೈಲಟ್‌ಗೆ ಅವ್ವ ಕೊಟ್ಟ ಬೆಲ್ಲ

ನಾನು ನಿಂತಿದ್ದು ನಮ್ಮ ಮನೆಯ ಅಂಗಳದಲ್ಲಿ, ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು. ಜೋಳದ ರಾಶಿ ಮುಗಿದ ವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ. ಬಾಗಿಲಿಗೂ ನನಗೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗ. ಅಡ್ಡ ಯಾರೂ ಇರಲಿಲ್ಲ. ಅವ್ವನ ಕೈಯಲ್ಲಿ ಏನಿತ್ತು ಎಂಬುದನ್ನು ಸರಿಯಾಗಿ ಕಂಡಿದ್ದೇನೆ.

ನಮ್ಮದು ಆಳಂದ ತಾಲೂಕಿನಲ್ಲಿ ಖಜೂರಿ ಕಡೆಯ ಊರು. ಊರ ಹೊರಗಿನ ಕಲ್ಲುನೆಲ ನೋಡಿ ಸಿನಿಮಾದವರು ಬಂದಿದ್ದರು. ಕರೆತಂದವನು ಅವ್ವನ ತಮ್ಮ, ಜೇವರ್ಗಿಯ ಸೋದರಮಾವ. ಅವರ ಜೀಪು, ಊಟ ಎಲ್ಲ ಅವನ ಉಸ್ತುವಾರಿ. ಯುದ್ಧವಿಮಾನದ ಪೈಲಟ್‌ಗಳ ಹಿಂದಿ ಸಿನಿಮಾ. ಒಬ್ಬ ಪೈಲಟ್ ಶತ್ರುಗಳ ನೆಲದಲ್ಲಿ ಬೀಳುತ್ತಾನೆ, ಗೆಳೆಯರು ವಿಮಾನ ಹಾರಿಸಿಕೊಂಡು ಹೋಗಿ ಅವನನ್ನು ಬಿಡಿಸಿ ತರುತ್ತಾರೆ. ನಮ್ಮೂರಿಗೆ ಒಂದೂ ವಿಮಾನ ಬರಲಿಲ್ಲ. ಬಂದದ್ದು ಧೂಳೆಬ್ಬಿಸುವ ದೊಡ್ಡ ಫ್ಯಾನು.

"ಬಿದ್ದ ಪೈಲಟ್‌ಗ ನೀರ್ ಕೊಡೋ ತಾಯಿ ಬೇಕಾಗ್ಯಾಳ ಅಕ್ಕಾ," ಎಂದ ಮಾವ. "ನಿನ್ನ ಕೈಲೆ ಅಂವ ಬದಕ್ತಾನ."

"ನಾ ಏನ್ ಹೀರೋಯಿನ್ ಏನೋ? ಹಲ್ಲೆಲ್ಲ ಉದುರ್ಯಾವ."

"ಹಲ್ಲ ಯಾರ್ ಕೇಳ್ಯಾರ? ನೀರ್ ಕೊಡು, ಸಾಕು."

ನಟ ಓಡಿಬಂದು ಬಾಗಿಲಲ್ಲಿ ಕುಸಿದ. ಅವ್ವ ತಂಬಿಗೆ ತಂದಳು. ಅವರು ಹೇಳಿಕೊಟ್ಟದ್ದು ಅಷ್ಟೇ. ಆದರೆ ಅವಳು ಅವನ ಮುಖ ನೋಡಿ, ತಿರುಗಿ ಒಳಗೆ ಹೋದಳು. "ಬಿಸಲಾಗಿಂದ ಬಂದಂವಗ ಬರೇ ನೀರ್ ಹ್ಯಾಂಗ ಕೊಡ್ಲಿ?" ಎನ್ನುತ್ತ ಬೆಲ್ಲದ ಹರಳು ತಂದು ಅವನ ಬಾಯಿಗಿಟ್ಟಳು. ನಮ್ಮ ಕಡೆ ಹೊರಗಿನಿಂದ ಬಂದವರಿಗೆ, ಯಾರೇ ಇರಲಿ, ಬೆಲ್ಲವಿಲ್ಲದೆ ನೀರು ಕೊಡುವುದಿಲ್ಲ. ನಟ ನಕ್ಕು, ಎದ್ದು ಕೂತು, ಇನ್ನೊಂದು ಹರಳು ಕೇಳಿ ತಿಂದ.

ನಿರ್ದೇಶಕರು ಮಾವನ ಕಿವಿಯಲ್ಲಿ ಏನೋ ಹೇಳಿದರು. ಅದು ನನಗೆ ಕೇಳಿಸಲಿಲ್ಲ. ಮಾವ ಅವ್ವನ ಕಡೆ ನೋಡಿದ, ಆಮೇಲೆ ತಲೆಯಾಡಿಸಿದ. ಅದನ್ನು ಕಂಡೆ.

"ಅವರಿಗಿ ಭಾಳ ಪಸಂದ ಬಂತಕ್ಕಾ. ಇನ್ನೊಮ್ಮಿ ಹಂಗೇ ಕೊಡು."

ಅವ್ವ ನಗುತ್ತ ಇನ್ನೊಮ್ಮೆ ಕೊಟ್ಟಳು.

ಸಿನಿಮಾ ಬಂದಾಗ ಅಫಜಲಪುರದ ಟಾಕೀಜಿಗೆ ಹೋದೆವು: ಅವ್ವ, ತಂಗಿ, ನಾನು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಮಾವ ಬರುತ್ತೇನೆಂದು ಹೇಳಿ ಬರಲಿಲ್ಲ.

ಪರದೆಯ ಮೇಲೆ ನಮ್ಮ ಬಾಗಿಲು ಕಂಡಿತು. ತಂಗಿ ಅವ್ವನ ಕೈ ಹಿಡಿದಳು. ಪೈಲಟ್ ಬೆಲ್ಲ ತಿಂದ, ನೀರು ಕುಡಿದ. ಅವನ ಕಣ್ಣು ತೇಲಿದವು, ಹೊಸ್ತಿಲಲ್ಲೇ ಉರುಳಿದ. ಬೆಲ್ಲದಲ್ಲಿ ಮತ್ತಿನ ಮದ್ದು ಇತ್ತಂತೆ. ಆಗ ಅವ್ವನ ಮುಖ ದೊಡ್ಡದಾಗಿ ಬಂತು. ಎರಡನೆಯ ಸಲ ಕೊಟ್ಟಾಗ ನಕ್ಕಿದ್ದಳಲ್ಲ, ಅದೇ ನಗು. ಅದರ ಮೇಲೆ ಬೇರೆ ಯಾರದೋ ದನಿ ಶತ್ರು ಸೈನಿಕರನ್ನು ಕರೆಯಿತು. ಜನ ಬೈದರು. ಹಿಂದಿನ ಸಾಲಿನವನು ಅಂದದ್ದನ್ನು ಇಲ್ಲಿ ಬರೆಯಲಾರೆ. ಆಮೇಲೆ ವಿಮಾನಗಳು ಬಂದವು, ಪೈಲಟ್ ಬಿಡುಗಡೆಯಾದ, ಟಾಕೀಜಿನ ತುಂಬ ಶಿಳ್ಳೆ. ಅವ್ವ ಬಾಯಿಗೆ ಸೆರಗು ಹಿಡಿದು ಕೊನೆಯವರೆಗೂ ಕೂತಿದ್ದಳು.

ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು. "ನಿಮ್ಮ ಮಾವಗ ಗೊತ್ತಿತ್ತೇನೋ ಯಪ್ಪಾ?"

ಪಂಚಮಿಗೆ ಮಾವ ಸೀರೆ ತಂದ. ಅವ್ವ ಒಳಗಿದ್ದಾಗ ಅವನನ್ನು ಕೇಳಿದೆ. ಸುಳ್ಳು ಹೇಳಲಿಲ್ಲ.

"ಅವತ್ತೇ ಕಿವ್ಯಾಗ ಹೇಳಿದ್ರು. ನಿಮ್ಮವ್ವಗ ತಿಳಿಸಿದ್ರ ಇನ್ನೊಮ್ಮಿ ಕೊಡ್ತಿದ್ಲೇನಲೇ? ಸಿನಿಮಾ ಅದು, ಖರೇ ಏನು?"

ಅವ್ವ ತಂಬಿಗೆ, ಬೆಲ್ಲ ಹಿಡಿದು ಆಗಲೇ ಬಾಗಿಲಲ್ಲಿದ್ದಳು. ಅವನ ಮುಂದೆ ಕೂತು ಹರಳನ್ನು ಎರಡು ಮಾಡಿ, ಒಂದು ಚೂರನ್ನು ತಾನು ಬಾಯಿಗೆ ಹಾಕಿಕೊಂಡು, ಚೀಪಿ, ನುಂಗಿದಳು. ಇನ್ನೊಂದನ್ನು ಅವನತ್ತ ಚಾಚಿದಳು.

"ತಗೋ ತಮ್ಮಾ. ಏನೂ ಹಾಕಿಲ್ಲ."

ಮಾವನ ಕೈ ಏಳಲಿಲ್ಲ. "ಬರೇ ನೀರ್ ಕೊಡಕ್ಕಾ," ಎಂದ, ನೆಲ ನೋಡುತ್ತ.

ಅಲ್ಲಿಂದ ಮುಂದೆ ಯಾರೇ ಬಂದರೂ ಅವ್ವ ಮೊದಲು ತಾನೊಂದು ಚೂರು ತಿಂದು ಆಮೇಲೆ ಕೊಡುತ್ತಿದ್ದಳು. ಬೇಡವೆಂದರೂ ಕೇಳಲಿಲ್ಲ. ಅವಳು ಈಗಿಲ್ಲ.

ಆ ಮಧ್ಯಾಹ್ನ ಬೆಲ್ಲ ಬರೀ ಬೆಲ್ಲವಾಗಿತ್ತು ಎಂಬುದನ್ನು ನಾನಲ್ಲದೆ ಕಂಡವರು ಇನ್ನೂ ಇದ್ದಾರೆ. ಅಡುಗೆಮನೆಯಲ್ಲಿ ಡಬ್ಬಿ ತೆಗೆದುಕೊಟ್ಟ ತಂಗಿ, ಈಗ ಕಡಗಂಚಿಯಲ್ಲಿ. ಇನ್ನೊಂದು ಹರಳು ಕೇಳಿ ತಿಂದ ಆ ನಟ. ಜೇವರ್ಗಿಯಲ್ಲಿ ನಮ್ಮ ಮಾವ.