ಸರಿದ ಗಡಿ

ಕಳವಾ ಎಂಬ ಊರಿನ ಗುಡ್ಡದ ಬುಡದಲ್ಲಿ ಸೋದರಮಾವ ಸಿದ್ದಲಿಂಗಪ್ಪ ಕಟ್ಟಿದ ಎರಡು ಕೋಣೆಯ ಮನೆಯಲ್ಲೇ ಕಾಂಚನಾ ಬೆಳೆದದ್ದು. ಅಪ್ಪ ತೀರಿಕೊಂಡ ವರ್ಷ ಮಾವ ಅವಳನ್ನು ಬಾಗಲಕೋಟೆಯಿಂದ ಕರೆತಂದಿದ್ದ. ರೈಲ್ವೆ ಕಾರ್‌ಶೆಡ್‌ನಲ್ಲಿ ಫಿಟ್ಟರ್ ಆಗಿದ್ದ ಅವನೇ ಅವಳನ್ನು ಓದಿಸಿದ. ೨೦೧೧ರ ಹೊತ್ತಿಗೆ ಅವಳು ಸಾನಪಾಡಾದ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್ ಮೇಲೆ ನಕ್ಷೆ ಮಾಡುತ್ತಿದ್ದಳು.

ಆ ವರ್ಷ ಕಂಪನಿಗೆ ಗುಡ್ಡದ ಅರಣ್ಯದ ಗಡಿ ಗುರುತಿಸುವ ಕೆಲಸ ಬಂತು. ಹಳೆಯ ಸರ್ವೆ ಹಾಳೆಗಳನ್ನು ಉಪಗ್ರಹದ ಚಿತ್ರದ ಮೇಲಿಟ್ಟರೆ ಒಂದೂ ಕೂಡುತ್ತಿರಲಿಲ್ಲ. ಹಾಳೆಯ ರೈಲುಹಳಿ ಚಿತ್ರದಲ್ಲಿ ಮನೆಗಳ ಮೇಲೆ ಹಾದುಹೋಗುತ್ತಿತ್ತು. ಸಾಫ್ಟ್‌ವೇರ್ ಕೆಟ್ಟಿದೆಯೆಂದು ಅದನ್ನು ತೆಗೆದು ಮತ್ತೆ ಹಾಕಿದರು. ಹಳಿ ಮಾತ್ರ ಮನೆಗಳ ಮೇಲೆಯೇ ಉಳಿಯಿತು.

ತಪ್ಪು ಸಿಕ್ಕಿದ್ದು ಕಾಂಚನಾಳಿಗೆ. ಹಳೆಯ ಹಾಳೆಗಳು ಭೂಮಿಯನ್ನು ಅಳೆದ ಲೆಕ್ಕ ಬೇರೆ, ಉಪಗ್ರಹದ ಲೆಕ್ಕ ಬೇರೆ. ಯಾವ ಫೈಲಿನಲ್ಲೂ ಆ ಲೆಕ್ಕ ನಮೂದಾಗಿರಲಿಲ್ಲ, ಹಾಗಾಗಿ ಸಾಫ್ಟ್‌ವೇರ್ ಎರಡೂ ಒಂದೇ ಎಂದುಕೊಂಡು ಸುಮ್ಮನಿತ್ತು. ಅವಳು ಮೂಲ ಫೈಲುಗಳನ್ನು ಮುಟ್ಟದೆ ಪ್ರತಿ ತೆಗೆದಳು. ಒಂದೊಂದು ಹಾಳೆಗೂ ಅದರ ಲೆಕ್ಕ ಹೇಳಿ ಹೊಸದಕ್ಕೆ ಬದಲಿಸುವ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದು, ಮೊದಲು ಒಂದೇ ಹಾಳೆಯ ಮೇಲೆ ಓಡಿಸಿದಳು. ಹಾಳೆಯ ಹಳಿ ಹೋಗಿ ಚಿತ್ರದ ಹಳಿಯ ಮೇಲೆ ಕೂತಿತು.

ಗಡಿಯೂ ಸರಿಯಿತು. ಗುಡ್ಡದಿಂದ ಕೆಳಗಿಳಿದು, ಅರ್ಧ ಕಟ್ಟಿದ್ದ ಒಂದು ಬಹುಮಹಡಿ ಟವರನ್ನೂ ಪಕ್ಕದ ಸಾಲುಮನೆಗಳ ಚಾಳನ್ನೂ ಅರಣ್ಯದೊಳಕ್ಕೆ ಎಳೆದುಕೊಂಡಿತು. ಚಾಳಿನ ಕೊನೆಯ ತಗಡಿನ ಮಾಡು ಮಾವನದು.

ಆ ಮಧ್ಯಾಹ್ನ ಅವಳು ಊಟದ ಡಬ್ಬಿ ಬಿಚ್ಚಲಿಲ್ಲ. ಸ್ಕ್ರಿಪ್ಟ್ ಅಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಷ್ಟು ಜನರಿಗೆ ಬಿಡಿಸಲಾಗದ್ದನ್ನು ತಾನು ಬಿಡಿಸಿದ್ದೆಂಬ ಹೆಮ್ಮೆಯೂ ಅವಳಲ್ಲಿತ್ತು. ಅರಣ್ಯದೊಳಗೆ ಕಟ್ಟಿದ್ದನ್ನೆಲ್ಲ ಕೆಡವುವುದಾದರೆ ಟವರೂ ಹೋಗುತ್ತದಲ್ಲ, ಎಲ್ಲರಿಗೂ ಒಂದೇ ನ್ಯಾಯ ಎಂದು ಸಮಾಧಾನ ಮಾಡಿಕೊಂಡು ಮ್ಯಾನೇಜರ್ ಯಜ್ಞೇಶ್ವರನಿಗೆ ತೋರಿಸಿದಳು.

"ಭಾರೀ ಮಾಡಿದ್ದಿ ಮಾರಾಯ್ತಿ!" ಎಂದ ಉಡುಪಿಯ ಯಜ್ಞೇಶ್ವರ. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು.

ಮಳೆಗಾಲ ಮುಗಿದ ಮೇಲೆ ಚಾಳಿನ ಬಾಗಿಲುಗಳಿಗೆ ಜಾಗ ಖಾಲಿ ಮಾಡಬೇಕೆಂಬ ನೋಟಿಸು ಅಂಟಿಸಿದರು. ಟವರಿನ ಕೆಲಸ ನಿಲ್ಲಲೇ ಇಲ್ಲ. ಕಾಂಚನಾ ಕಂಪನಿ ಒಪ್ಪಿಸಿದ್ದ ಅಂತಿಮ ನಕ್ಷೆ ತೆರೆದು ನೋಡಿದಳು. ಗಡಿ ಅವಳು ಕೂರಿಸಿದಲ್ಲೇ ಇತ್ತು. ಟವರಿನ ಹತ್ತಿರ ಮಾತ್ರ ಯಾರೋ ಗೆರೆಯನ್ನು ಕೈಯಿಂದ ಎಳೆದು, ಕಟ್ಟಡವನ್ನು ಸುತ್ತುಹಾಕಿ ಆಚೆ ಬಿಟ್ಟಿದ್ದರು.

"ಸರ್, ಇದನ್ನ ಯಾರು ಮಾಡಿದ್ದು?"

ಯಜ್ಞೇಶ್ವರ ಬಾಗಿಲು ಮುಚ್ಚಿದ. "ಮೇಲಿನಿಂದ ಹೇಳಿದ್ದು. ನಾವು ನಕ್ಷೆ ಮಾಡುವವರು, ನ್ಯಾಯ ಮಾಡುವವರಲ್ಲ. ನೀನು ನಿನ್ನ ಸ್ಕ್ರಿಪ್ಟ್ ನೋಡಿಕೋ, ಆಯ್ತಾ?"

ಅವತ್ತು ಮನೆಗೆ ಬಂದು ಅವಳು ಎಲ್ಲವನ್ನೂ ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ಅತ್ತೆ ರುದ್ರವ್ವನ ಕೈ ನಿಂತಿತು.

"ಆ ಗೆರಿ ನೀನ ಹಾಕೀದೇನವಾ?" ಎಂದು ಸಿದ್ದಲಿಂಗಪ್ಪ ಕೇಳಿದ.

"ನಾ ಹಾಕಿಲ್ಲ ಮಾವಾ. ಇರಬೇಕಾದಲ್ಲಿ ಇಟ್ಟೀನಿ, ಅಷ್ಟ."

"ಟವರಿನ ಕಡೆ ಅವರು ಸರಿಸಿದ್ರಲ್ಲ. ಸರಸಾಕ ಬರತಿತ್ತಂದಂಗಾತು."

ಅವರಂತೆ ಗೆರೆ ಸರಿಸಿ ಕೈ ಹೊಲಸು ಮಾಡಿಕೊಳ್ಳದ್ದೇ ತನ್ನ ತಪ್ಪು ಎಂದು ಮಾವ ಹೇಳಿದಂತೆ ಅವಳಿಗೆ ಕೇಳಿಸಿತು.

ಬುಲ್ಡೋಜರ್ ಬಂದ ದಿನ ಅವಳು ರಜೆ ಹಾಕಿ ಪಾತ್ರೆಗಳನ್ನು ಟೆಂಪೋಗೆ ಏರಿಸಿದಳು. ದಿವಾ ಎಂಬ ಊರಿನಲ್ಲಿ ಒಂದು ಬಾಡಿಗೆ ಕೋಣೆ ಸಿಕ್ಕಿತು. ಕೆಲಸ ಬಿಡಬೇಕೆಂದು ಎಷ್ಟೋ ಸಲ ಅನ್ನಿಸಿತು, ಆದರೆ ಮಾವನಿಗೆ ನಿವೃತ್ತಿಯಾಗಿತ್ತು, ಕೋಣೆ ನಡೆಯುತ್ತಿದ್ದುದು ಅವಳ ಸಂಬಳದಿಂದಲೇ. ಕಂಪನಿ ಅವಳ ಸ್ಕ್ರಿಪ್ಟನ್ನು ಮುಂದಿನ ಗುಡ್ಡಗಳಿಗೂ ಬಳಸಿತು. ಅವಳೇ ಕೂತು ಓಡಿಸಿದಳು. ಯಾರ ಮಾಡುಗಳು ಗಡಿಯೊಳಗೆ ಬಿದ್ದವೆಂದು ಮಾತ್ರ ಹಿಗ್ಗಿಸಿ ನೋಡುವುದನ್ನು ಬಿಟ್ಟಳು.