ಗಾಡಿಯ ಅಡಿ ನಾನು ನೋಡಲಿಲ್ಲ

ಅವತ್ತು ಮಧ್ಯಾಹ್ನ ನಾನು ಗಾಡಿಯ ಅಡಿ ಬಗ್ಗಿ ನೋಡಲಿಲ್ಲ. ನೋಡಿದೆ ಎಂದು ಅಣ್ಣನಿಗೆ ಹೇಳಿದೆ. ಅದನ್ನು ಒಪ್ಪಿಕೊಳ್ಳಲು ಮೂರು ವರ್ಷ ಬೇಕಾಯಿತು.

ನಾನು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಹೋಟೆಲ್ ಅಡುಗೆಯವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಣ್ಣ ಇಂಜಿನಿಯರ್, ಆಗ ಅಡಿಲೇಡ್‌ನಲ್ಲಿದ್ದ. ಹಳೆಯ ಫೋರ್ ವೀಲ್ ಡ್ರೈವ್ ಒಂದನ್ನು ಕೊಂಡು, ಎರಡು ವರ್ಷದ ಶನಿವಾರ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದ. ಮಡಚುವ ಮಂಚ, ನೀರಿನ ಟ್ಯಾಂಕ್, ಇನ್ನೊಂದು ಬ್ಯಾಟರಿ, ಅದರ ವೈರಿಂಗ್, ಎಲ್ಲ ಅವನದೇ ಕೈಕೆಲಸ. ಮೊದಲ ದೊಡ್ಡ ಪ್ರಯಾಣಕ್ಕೆ ನನ್ನನ್ನು ಕರೆದ.

ಅಡಿಲೇಡ್‌ನಿಂದ ಉತ್ತರಕ್ಕೆ ಎರಡು ದಿನ ಓಡಿಸಿದ ಮೇಲೆ ಆ ನ್ಯಾಷನಲ್ ಪಾರ್ಕ್ ಸಿಕ್ಕಿತು. ಕೆಂಪು ಮರಳಿನ ದಿಬ್ಬಗಳು. ದಾರಿಯೆಂದರೆ ಎರಡು ಗಾಲಿಯ ಗುರುತು, ನಡುವೆ ಮೊಣಕಾಲೆತ್ತರದ ಮುಳ್ಳುಮುಳ್ಳಾದ ಒಣಹುಲ್ಲು. ಆ ಹುಲ್ಲು ಗಾಡಿಯ ಅಡಿ ಸಿಕ್ಕಿಕೊಂಡರೆ ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಗಂಟೆಗೊಮ್ಮೆ ನಿಲ್ಲಿಸಿ, ನೆಲಕ್ಕೆ ಮಲಗಿ, ತಂತಿಯ ಕೊಕ್ಕೆಯಿಂದ ಎಳೆದು ತೆಗೆಯಬೇಕು. ಅಣ್ಣನಿಗೆ ಬೆನ್ನಿನ ಆಪರೇಷನ್ ಆಗಿತ್ತು, ಬಗ್ಗುವಂತಿರಲಿಲ್ಲ. ಕೆಲಸ ನನ್ನದಾಯಿತು. ಪಾರ್ಕಿನೊಳಗೆ ಮೊದಲ ದಿನ ನಾಲ್ಕು ಸಲ ಮಾಡಿದೆ.

ಮರುದಿನ ಊಟಕ್ಕೆ ನಿಂತಾಗ ನಾನು ಮ್ಯಾಪನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದೆ.

"ಕೊಡೋ ಇಲ್ಲಿ," ಎಂದು ಅಣ್ಣ ನಕ್ಕ. "ನೀನು ಹೋಗಿ ಹುಲ್ಲು ಕೀಳು. ಅದಕ್ಕೆ ಇಂಗ್ಲಿಷ್ ಬೇಕಾಗಲ್ಲ."

ಇಂಥ ತಮಾಷೆ ನಮ್ಮಿಬ್ಬರಲ್ಲಿ ಹೊಸದೇನಲ್ಲ. ಅವತ್ತು ಯಾಕೋ ಚುಚ್ಚಿತು. ಗಾಡಿಯ ಹಿಂದೆ ಹೋಗಿ, ಮುಖಕ್ಕೆ ಮುತ್ತುವ ನೊಣ ಓಡಿಸುತ್ತ ಸುಮ್ಮನೆ ನಿಂತೆ.

"ನೋಡ್ದೇನೋ?"

"ನೋಡ್ದೆ. ಏನೂ ಇಲ್ಲ, ನಡಿ."

ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ ಬಂತು. ಅಣ್ಣ ಗಾಡಿ ನಿಲ್ಲಿಸಿ ನನ್ನನ್ನು ಹೊರಗೆ ತಳ್ಳಿದ. ನೀರಿನ ಕ್ಯಾನು, ಸ್ಯಾಟಲೈಟ್ ಫೋನು ಎಳೆದುಕೊಳ್ಳುವಾಗ ಅವನ ಅಂಗೈ ಸುಟ್ಟಿತು. ಗಾಡಿ ನಿಂತ ಜಾಗದ ಸುತ್ತ ಬರೀ ಮರಳಿದ್ದುದರಿಂದ ಬೆಂಕಿ ಹರಡಲಿಲ್ಲ. ಗಾಡಿ ಮಾತ್ರ ಪೂರ್ತಿ ಉರಿಯಿತು. ರೇಂಜರ್‌ಗಳು ಬರುವಷ್ಟು ಹೊತ್ತೂ ಅಣ್ಣ ನನ್ನನ್ನೇ ವಿಚಾರಿಸಿದ, ನೀರು ಕುಡಿ, ನೆರಳಿಗೆ ಬಾ ಎಂದು.

ಅಣ್ಣನ ಮನೆಗೆ ಬಂದಾಗ ಅತ್ತಿಗೆ ಕೇಳಿದರು, "ಅಡಿ ಹುಲ್ಲು ನೋಡ್ಲಿಲ್ವಾ?"

"ಅವನು ನೋಡಿದ್ದ ಕಣೇ," ಎಂದ ಅಣ್ಣ. "ನನ್ನ ವೈರಿಂಗೇ ಸರಿ ಇರಲಿಲ್ಲ ಅನ್ಸತ್ತೆ."

ನಾನು ಕಾಫಿ ಕುಡಿಯುತ್ತ ಕೂತಿದ್ದೆ. ಮಾರನೇ ದಿನ ಪರ್ತ್‌ಗೆ ವಿಮಾನ ಹತ್ತಿದೆ. ಅಣ್ಣ ಬ್ರಿಸ್ಬೇನ್‌ನ ರನ್‌ಕಾರ್ನ್‌ಗೆ ಮನೆ ಬದಲಾಯಿಸುವಾಗ ತನ್ನ ಸ್ಪ್ಯಾನರ್‌ಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಆಗಲೂ ಹೂಂ ಎಂದೆ.

ಕಳೆದ ತಿಂಗಳು ರನ್‌ಕಾರ್ನ್‌ಗೆ ಹೋಗಿದ್ದೆ. ಅಡುಗೆಮನೆಯ ಸ್ವಿಚ್ ಕೆಟ್ಟಿತ್ತು. ಎಲೆಕ್ಟ್ರಿಷಿಯನ್ ಬರಲು ಇನ್ನೂ ನಾಲ್ಕು ದಿನವಂತೆ.

"ಇವರಿಗೆ ಮುಟ್ಟಕ್ಕೂ ಭಯ," ಎಂದರು ಅತ್ತಿಗೆ.

"ನನ್ನ ವೈರಿಂಗ್ ಒಂದ್ಸಲ ನೋಡಾಯ್ತಲ್ಲ. ತಮ್ಮನ್ನ ಕೊಂದೇ ಬಿಡ್ತಿದ್ದೆ," ಎಂದ ಅಣ್ಣ, ನಗುತ್ತಲೇ.

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ.

"ನಿನ್ನ ವೈರಿಂಗ್ ಸರಿಯಾಗೇ ಇತ್ತು. ಅವತ್ತು ನಾನು ಗಾಡಿ ಅಡಿ ಬಗ್ಗಿ ನೋಡ್ಲೇ ಇಲ್ಲ. ಸಿಟ್ಟಲ್ಲಿ ಸುಳ್ಳು ಹೇಳ್ದೆ. ತಪ್ಪು ನಿಂದೇ ಅಂತ ನೀನು ಹೇಳ್ಕೊಂಡು ಓಡಾಡ್ತಿದ್ರೂ ಸುಮ್ನಿದ್ದೆ. ತಪ್ಪಾಯ್ತು ಕಣಣ್ಣ. ನನ್ನನ್ನ ಕ್ಷಮಿಸು."