ಎಮ್ಮೆಯ ಕಾಲಿಗೆ ಕಟ್ಟಿದ ಹಗ್ಗ

ನಾನು ಅಕ್ಕಲಕೋಟದ ದನದ ದವಾಖಾನೆಯಲ್ಲಿ ಸಹಾಯಕ. ಡಾಕ್ಟರಲ್ಲ, ದನ ಹಿಡಿಯುವವನು, ಸೂಜಿ ಚುಚ್ಚುವವನು, ಲಸಿಕೆಯ ಡಬ್ಬಿ ಹೊತ್ತು ಹಳ್ಳಿ ಸುತ್ತುವವನು. ಪೇಟೆಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ಒಬ್ಬನೇ ಇರುತ್ತೇನೆ. ಅಲ್ಲಿ ಎಲ್ಲರೂ ನನ್ನನ್ನು ಡಾಕ್ಟರ್ ಸಾಹೇಬರು ಅನ್ನುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ತಡವಳದಾಚೆಗಿನ ನಮ್ಮೂರಿನಲ್ಲಿ ಮಾತ್ರ ಇನ್ನೂ ಆ ಓಣಿಯವನು.

ನಮ್ಮ ಓಣಿಯವರು ಒಂದು ಕಾಲಕ್ಕೆ ಊರಿನ ಸತ್ತ ದನ ಎಳೆಯುತ್ತಿದ್ದರು. ಓಣಿಯವರೆಲ್ಲ ಬೌದ್ಧರಾದ ವರ್ಷ ಅಜ್ಜ ದನ ಎಳೆಯುವ ಹಗ್ಗ ಸುಟ್ಟುಹಾಕಿ, ಇನ್ನು ನಿಮ್ಮ ದನ ನೀವೇ ನೋಡಿಕೊಳ್ಳಿ ಎಂದು ಹೇಳಿ ಬಂದನಂತೆ. ಬೇರೆಯವರು ತಮ್ಮ ಹೊಲದ ಅಳತೆ ಹೇಳುವಂತೆ ಅಪ್ಪ ಈ ಸಂಗತಿ ಹೇಳುತ್ತಾನೆ. ನಮಗಿರುವ ಆಸ್ತಿ ಅದೇ. ನನಗೆ ಈ ನೌಕರಿ ಸಿಕ್ಕಾಗ ಅವನು ಕೇಳಿದ್ದು ಒಂದೇ ಮಾತು: ಬದುಕಿದ ದನಕ್ಕೆ ಏನು ಬೇಕಾದರೂ ಮಾಡು, ಸತ್ತದ್ದರ ಹಗ್ಗ ಹಿಡಿಯಬೇಡ. ನಾನು ಹೂಂ ಅಂದಿದ್ದೆ. ಅಜ್ಜ ಬಿಟ್ಟ ಮೇಲೆ ಊರಿನವರೇನೂ ಹೂಳಲು ಕಲಿಯಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ, ದನ ಮೇಯುವ ಊರ ಗೋಮಾಳ ಗಾಯರಾಣದ ಬಯಲಿನಲ್ಲಿ ಬಿಸಾಕಿ ಬರುತ್ತಾರೆ. ಆಮೇಲೆ ಅದು ನರಿ, ನಾಯಿಗಳ ಪಾಲು.

ಹೋದ ವರ್ಷ ಕಬ್ಬಿನಿಂದ ಹೊರಬಿದ್ದ ನರಿಯೊಂದು ಊರಿನ ದೊಡ್ಡ ರೈತರೊಬ್ಬರ ಎಮ್ಮೆಯ ಮೂತಿ ಕಚ್ಚಿತು. ಗಾಯ ಒಣಗಿತು, ಮನೆಯವರು ಮರೆತರು. ತಿಂಗಳಾದ ಮೇಲೆ ಎಮ್ಮೆ ನೀರು ಕುಡಿಯುವುದನ್ನು ಬಿಟ್ಟಿತು, ಜೊಲ್ಲು ಸುರಿಸಿತು, ಗಂಟಲು ಒಡೆದು ಒದರತೊಡಗಿತು. ಜೋಳದ ದಂಟು ಸಿಕ್ಕಿಕೊಂಡಿದೆ ಎಂದು ಮಾಲಕ ಮೊಣಕೈತನಕ ಬಾಯೊಳಗೆ ಕೈ ಹಾಕಿ ತಡಕಾಡಿದ. ಆತನದಾದ ಮೇಲೆ ಹೆಂಡತಿ, ಆಮೇಲೆ ಮಗ. ಯಾರಿಗೂ ದಂಟು ಸಿಗಲಿಲ್ಲ. ಇದು ನರಿ ಕೊಟ್ಟ ಹುಚ್ಚಿನ ವೈರಸ್, ರೇಬೀಸ್ ಎಂದು ನಮ್ಮ ಡಾಕ್ಟರು ನೋಡಿದ ಕೂಡಲೇ ಹೇಳಿ, ಮನೆಮಂದಿಯನ್ನೆಲ್ಲ ಇಂಜೆಕ್ಷನ್ನಿಗೆ ಸೊಲ್ಲಾಪುರಕ್ಕೆ ಅಟ್ಟಿದರು. ಮರುದಿನ ಎಮ್ಮೆ ಸತ್ತಿತು.

ಡಾಕ್ಟರು ಅವತ್ತು ಬೇರೆ ಊರಿನಲ್ಲಿದ್ದರು. ಫೋನಿನಲ್ಲಿ ನನಗೆ ಹೇಳಿದರು: ಬಯಲಿಗೆ ಹಾಕಲು ಬಿಡಬೇಡ, ನರಿ ತಿಂದರೆ ಜಡ್ಡು ಮತ್ತೆ ನರಿಗೆ ಹೋಗಬಹುದು, ನರಿಯಿಂದ ಇನ್ನೊಬ್ಬರ ಕೊಟ್ಟಿಗೆಗೆ. ಆಳವಾಗಿ ಹೂಳಿಸು, ಸುಣ್ಣ ಹಾಕಿಸು. ಹೂಳಿಸು ಅನ್ನುವುದು ಎಷ್ಟು ಸಲೀಸು.

ನಾನು ಹೋದಾಗ ಜೆಸಿಬಿ ತಗ್ಗು ತೋಡಿ ನಿಂತಿತ್ತು. ಎಮ್ಮೆ ಕೊಟ್ಟಿಗೆಯ ಒಳಗೆ ಬಿದ್ದಿತ್ತು. ಅಲ್ಲಿಗೆ ಜೆಸಿಬಿ ಹೋಗದು. ಯಾರಾದರೂ ಒಳಗೆ ಹೋಗಿ ಕಾಲಿಗೆ ಹಗ್ಗ ಕಟ್ಟಬೇಕು. ಡ್ರೈವರ್ ಕೆಳಗೆ ಇಳಿಯಲೇ ಇಲ್ಲ. ಊರ ಮಂದಿ ಮೂಗಿಗೆ ಟವೆಲ್ ಕಟ್ಟಿಕೊಂಡು ದೂರದ ಬದುವಿನ ಮೇಲೆ ನಿಂತಿದ್ದರು. ಕೈಗವಸು ಕೊಡುತ್ತೇನೆ, ಒಬ್ಬರಾದರೂ ಬನ್ನಿ ಎಂದು ಕರೆದೆ. ಎಲ್ಲರೂ ನನ್ನನ್ನೇ ನೋಡಿದರು. ಮಾಲಕನ ಅಣ್ಣ, ಬೈಯುವ ದನಿಯಲ್ಲೇನೂ ಅಲ್ಲ, ಮೆಲ್ಲಗೆ ಅಂದ:

“ನೀನ ಕಟ್ಟಪಾ. ನಿಮ್ಮ ಮಂದಿಗಿ ರೂಢಿ ಅದ ಅಲ್ಲ.”

“ರೂಢಿ ಇಲ್ರಿ. ನಂದು ಇಂಜೆಕ್ಷನ್ ಆಗೇದ, ಅಷ್ಟ.”

ಅದು ನಿಜ. ಮೊದಲೇ ಲಸಿಕೆ ಹಾಕಿಸಿಕೊಂಡವನು ಅಲ್ಲಿ ನಾನೊಬ್ಬನೇ. ಬಿಟ್ಟು ಹೋಗಿದ್ದರೆ ಬಾಗಿಲಿಲ್ಲದ ಆ ಕೊಟ್ಟಿಗೆಗೆ ಕತ್ತಲಾಗುತ್ತಲೇ ನರಿಗಳು ಬರುತ್ತಿದ್ದವು. ಒಳಗೆ ಹೋದೆ, ಕಟ್ಟಿದೆ. ಸಿಟ್ಟಿನಲ್ಲಿ ಹಾಕಿದ ಗಂಟು ಎರಡು ಸಲ ಬಿಚ್ಚಿತು. ಅಷ್ಟು ಜನ ನೋಡುತ್ತಿರುವಾಗ ಅಷ್ಟು ಒಬ್ಬಂಟಿ ಅನಿಸಿದ್ದು ನನಗೆ ಮತ್ತೆಂದೂ ಇಲ್ಲ.

ಹೂಳಿ, ಸುಣ್ಣ ಸುರಿದು, ಮೇಲೆ ಜಾಲಿಮುಳ್ಳು ಹೇರುವಷ್ಟರಲ್ಲಿ ಹೊತ್ತು ಇಳಿದಿತ್ತು, ಮಂದಿ ಚದುರಿದ್ದರು. ಕಬ್ಬಿನ ಅಂಚಿಗೆ ಒಂದು ನರಿ ಬಂದು ನಿಂತು ನನ್ನ ಕಡೆ ನೋಡಿತು. ಅದರ ಜೀವ ಉಳಿಸಿದೆನೋ ಏನೋ, ಅದಕ್ಕೇನು ಗೊತ್ತು. ಅದು ಹೋಗುವತನಕ ನಾನೂ ನಿಂತಿದ್ದೆ.

ಬಾವಿಯ ಹತ್ತಿರ ಸಾಬೂನು ಹಚ್ಚಿ ಮಿಂದು, ಬಟ್ಟೆ ಬದಲಿಸಿ ಅಪ್ಪನ ಮನೆಗೆ ಹೋದೆ. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಅವನು ರೊಟ್ಟಿ ಬಡಿಸಿದ. ನಾನೇ ಬಾಯಿ ತೆರೆದೆ. ವೈರಸ್ಸು, ನರಿ, ಗಾಯರಾಣ, ನಮ್ಮ ಓಣಿಯಲ್ಲೇ ಮಲಗುವ ನಾಯಿಗಳು, ಎಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸುತ್ತ ಪೂರ್ತಿ ಕೇಳಿದ.

“ನೀ ಹೇಳೂದು ಖರೇ ಅದ. ಆದ್ರ ಬದುವಿನ ಮ್ಯಾಲ ನಿಂತಾವ್ರಿಗಿ ನಿನ್ನ ಕೈಯಾಗಿನ ಹಗ್ಗ ಅಷ್ಟ ಕಂಡಿರತದ,” ಅಂದ.

ಅವನ ಮೇಲೂ ನನಗೆ ಸಿಟ್ಟು ಬಂತು. ಹಳೆಯ ಕಾಲದವನು, ಅವನಿಗೆ ಎಲ್ಲದರಲ್ಲೂ ಅದೇ ಕಾಣುತ್ತದೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಚಹಾ ಕುಡಿಯುವಾಗ ಫೋನ್ ಬಂತು. ನಿನ್ನೆ ಬದುವಿನ ಮೇಲಿದ್ದವರಲ್ಲಿ ಒಬ್ಬರು. ಅವರ ಎತ್ತು ಸತ್ತಿತ್ತು. ಏನು ಜಡ್ಡು ಇತ್ತೆಂದು ನೌಕರಿಯ ಚಾಳಿಯಂತೆ ಕೇಳಿದೆ.

“ಜಡ್ಡು ಏನಿಲ್ಲೋ, ಮುದಿ ಆಗಿತ್ತು. ಹೆಂಗೂ ಊರಾಗ ಇದ್ದೀ, ಬಂದು ಎಳದು ಹಾಕಿ ಹೋಗು.”

ಫೋನ್ ಇಟ್ಟೆ. ಅಪ್ಪ ಎದುರಿಗೇ ಕೂತಿದ್ದ. ಯಾರದು ಎಂದು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.